ಮಾಡೆಲ್ ಪಾಸಾಯ್ತು ಅಂದ್ರಲ್ಲ, ಯಾವ ಪರೀಕ್ಷೇಲಿ?

ಬೆಂಗಳೂರಿನ ಅಗ್ರಿ-ಟೆಕ್ ಮೀಟಪ್‌ಗಳಿಗೆ ಹೋದವರಿಗೆ ಈ ಸ್ಲೈಡ್ ಗೊತ್ತಿರುತ್ತೆ. ಕರ್ನಾಟಕದ ನಕ್ಷೆ, ತಾಲ್ಲೂಕಿಗೊಂದು ಬಣ್ಣ. ಹಸಿರು ಇದ್ದರೆ 2050ಕ್ಕೆ ಇಳುವರಿ ಏರುತ್ತೆ, ಕೆಂಪು ಇದ್ದರೆ ಇಳಿಯುತ್ತೆ. ಪಕ್ಕದಲ್ಲಿ ಶೇಕಡಾವಾರು ಸಂಖ್ಯೆ, ಆ ಸಂಖ್ಯೆಗೊಂದು ದಶಮಾಂಶದ ಚುಕ್ಕಿ. ಚುಕ್ಕಿ ಇದ್ದರೆ ಸಾಕು, ನಮಗೆ ನಂಬಿಕೆ ಬಂದುಬಿಡುತ್ತೆ. ಆಮೇಲೆ ಪ್ರಶ್ನೋತ್ತರ. ಯಾವ ಕ್ಲೌಡ್ ಬಳಸ್ತೀರಿ, ಎಪಿಐ ಇದೆಯಾ, ಫಂಡಿಂಗ್ ಯಾವ ಹಂತದಲ್ಲಿದೆ. "ಇದನ್ನ ಟೆಸ್ಟ್ ಮಾಡಿದ್ದು ಹೇಗೆ?" ಅಂತ ಕೇಳೋರು ತೀರಾ ಕಡಿಮೆ. ಇದೇ ಜನ ಸೋಮವಾರ ಆಫೀಸಿಗೆ ಹೋಗಿ, ಒಂದು ಬಟನ್ನಿನ ಬಣ್ಣ ಬದಲಾಯಿಸಿದ ಕೋಡಿಗೂ "ಟೆಸ್ಟ್ ಕೇಸ್ ಎಲ್ಲಿ?" ಅಂತ ಕಾಮೆಂಟ್ ಹಾಕ್ತಾರೆ.

ನನ್ನ ತಕರಾರು ಇಷ್ಟೇ. ಹವಾಮಾನ ಬದಲಾದರೆ ಬೆಳೆ ಏನಾಗುತ್ತೆ ಅಂತ ಹೇಳುವ ಮಾಡೆಲ್‌ಗಳನ್ನು, ಅವು ನೋಡಿರದ ಹೊಲದಲ್ಲಿ, ಅವು ನೋಡಿರದ ಕೆಟ್ಟ ವರ್ಷದಲ್ಲಿ, ಉತ್ತರ ಬಚ್ಚಿಟ್ಟು ಪರೀಕ್ಷೆ ಮಾಡಬೇಕು. ಆ ಪರೀಕ್ಷೆಯ ಅಂಕಪಟ್ಟಿ ಜೊತೆಗಿಲ್ಲದೆ ಅವುಗಳ ಯಾವ ಸಂಖ್ಯೆಯೂ ಹೊರಗೆ ಬರಬಾರದು. ಸರ್ಕಾರದ ಯೋಜನೆಗೂ ಬರಬಾರದು, ವಿಮೆಯ ಲೆಕ್ಕಕ್ಕೂ ಬರಬಾರದು, ರೈತನ ಮೊಬೈಲಿಗಂತೂ ಬರಲೇಬಾರದು. ಮಾಡೆಲ್ ಕಟ್ಟುವ ವಿಜ್ಞಾನಿಗಳು ಇದನ್ನ ಒಪ್ಪುತ್ತಾರೆ, ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ ಕೂಡ. ಮರೆತುಬಿಡೋರು ಯಾರು ಅಂದರೆ, ಆ ಮಾಡೆಲ್‌ಗಳ ಮೇಲೆ ಡ್ಯಾಶ್‌ಬೋರ್ಡ್ ಕಟ್ಟಿ ಮಾರುವ ನಮ್ಮ ಜನ.

ಮೊದಲು ಈ ಮಾಡೆಲ್ ಅಂದರೇನು ಅಂತ ಸ್ವಲ್ಪ ನೋಡೋಣ. ಇದರಲ್ಲಿ ಮಾಯಮಂತ್ರ ಏನೂ ಇಲ್ಲ. 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಡಿ ವಿಟ್ ಎಂಬ ವಿಜ್ಞಾನಿ ಎಲೆಗಳ ಮೇಲೆ ಬೀಳುವ ಬೆಳಕನ್ನ ಲೆಕ್ಕ ಹಾಕಿ, ಗಿಡ ಎಷ್ಟು ಬೆಳೆಯಬಹುದು ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡಿದರು. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಡಿಎಸ್‌ಎಸ್‌ಎಟಿ ಬಂತು, ಆಸ್ಟ್ರೇಲಿಯಾದಲ್ಲಿ ಎಪ್ಸಿಮ್, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಇನ್ಫೋಕ್ರಾಪ್. ಒಳಗೆ ನೋಡಿದರೆ ಎಲ್ಲದರಲ್ಲೂ ಒಂದು ದೊಡ್ಡ ಲೂಪ್ ಇದೆ. ಬಿತ್ತನೆಯ ದಿನದಿಂದ ಕೊಯ್ಲಿನ ದಿನದವರೆಗೆ ದಿನಕ್ಕೊಂದು ಸುತ್ತು. ಇವತ್ತು ಬಿಸಿಲು ಎಷ್ಟು, ಮಳೆ ಎಷ್ಟು, ಮಣ್ಣಲ್ಲಿ ತೇವ ಎಷ್ಟು ಉಳೀತು, ಅದರ ಮೇಲೆ ಎಲೆ ಎಷ್ಟು ಬಲಿತು, ಕಾಳಿಗೆ ಎಷ್ಟು ಹೋಯ್ತು.

ಹೂವು ಯಾವಾಗ, ಮಾಗೋದು ಯಾವಾಗ ಅನ್ನೋದಕ್ಕೆ ಉಷ್ಣಾಂಶದ ಲೆಕ್ಕ. ಒಂದು ಬೆಳೆಗೆ ಬಿತ್ತಿದಾಗಿಂದ ಕೊಯ್ಲಿನ ತನಕ 1500 ಡಿಗ್ರಿ-ದಿನ ಬೇಕು, ಲೆಕ್ಕ 10 ಡಿಗ್ರಿಯ ಮೇಲಿಂದ ಶುರು ಅಂತಿಟ್ಟುಕೊಳ್ಳಿ. ದಿನದ ಸರಾಸರಿ 25 ಡಿಗ್ರಿ ಇದ್ದರೆ ದಿನಕ್ಕೆ 15 ಜಮೆ ಆಗುತ್ತೆ, 100 ದಿನಕ್ಕೆ ಬೆಳೆ ಮಾಗುತ್ತೆ. ಎರಡು ಡಿಗ್ರಿ ಏರಿ 27 ಆದರೆ ದಿನಕ್ಕೆ 17 ಜಮೆ, 88 ದಿನಕ್ಕೇ ಆಟ ಮುಗೀತು. ಕಾಳು ತುಂಬಿಕೊಳ್ಳೋಕೆ 12 ದಿನ ಕಡಿಮೆ. ಬಿಸಿ ಹೆಚ್ಚಾದರೆ ಇಳುವರಿ ಯಾಕೆ ಇಳಿಯುತ್ತೆ ಅನ್ನೋದಕ್ಕೆ ಇದೊಂದು ಕಾರಣ. ಲೆಕ್ಕ ಸೊಗಸಾಗಿದೆ, ನಿಜವೂ ಹೌದು. ಆದರೆ ಹೂವು ಬಿಡುವ ವಾರದಲ್ಲೇ ಒಂದು ಮಧ್ಯಾಹ್ನ 38 ಡಿಗ್ರಿ ಹೊಡೆದು ಪರಾಗ ಸತ್ತರೆ ಏನು? ಮೂರು ದಿನ ನೀರು ನಿಂತು ಬೇರು ಕೊಳೆತರೆ ಏನು? ಇವಕ್ಕೆ ಒಂದು ಮಾಡೆಲ್‌ನಲ್ಲಿ ಒಂದು ಸೂತ್ರ, ಇನ್ನೊಂದರಲ್ಲಿ ಬೇರೆ ಸೂತ್ರ, ಮತ್ತೊಂದರಲ್ಲಿ ಸೂತ್ರವೇ ಇಲ್ಲ. ಬದಲಾಗುವ ಹವಾಮಾನದಲ್ಲಿ ಜಾಸ್ತಿ ಆಗೋದು ಇಂಥ ಮಧ್ಯಾಹ್ನಗಳೇ, ಇಂಥ ಮೂರು ದಿನಗಳೇ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಮಾಡೆಲ್‌ಗೆ ಒಂದು ತಳಿಯನ್ನ ಕಲಿಸೋದು ಅಂದರೆ ಅದರ ಗುಣಾಂಕಗಳನ್ನ ತಿರುಪು ತಿರುಗಿಸಿದ ಹಾಗೆ ಸರಿಮಾಡೋದು. ಸಂಶೋಧನಾ ಕೇಂದ್ರದ ಪ್ಲಾಟಿನಲ್ಲಿ ಬಂದ ಇಳುವರಿಗೂ ಮಾಡೆಲ್ ಹೇಳಿದ ಇಳುವರಿಗೂ ತಾಳೆ ಬೀಳೋ ತನಕ ತಿರುಗಿಸ್ತಾರೆ. ಇದು ಕಲಿಕೆ. ಆಮೇಲೆ ಅದೇ ಕೇಂದ್ರದ ಮುಂದಿನ ಹಂಗಾಮಿನ ಡೇಟಾ ತಂದು, ಇಗೋ ಇಲ್ಲೂ ತಾಳೆ ಬಿತ್ತು ಅಂತಾರೆ. ಇದನ್ನ ಪರೀಕ್ಷೆ ಅಂತ ಕರೀತಾರೆ. ಸಿಇಟಿಗೆ ಓದಿದವರಿಗೆ ಇದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೋದ ವರ್ಷದ ಪ್ರಶ್ನೆಪತ್ರಿಕೆಯನ್ನ ಉತ್ತರದ ಸಮೇತ ಬಾಯಿಪಾಠ ಮಾಡಿ, ಅದೇ ಮೇಷ್ಟ್ರು ತೆಗೆದ ಪ್ರಿಪರೇಟರಿಯಲ್ಲಿ 95 ತಗೊಂಡ ಹಾಗೆ. ಸಂಶೋಧನಾ ಕೇಂದ್ರದ ಪ್ಲಾಟಿಗೆ ಕಾಲಕ್ಕೆ ಸರಿಯಾಗಿ ಗೊಬ್ಬರ, ಕಾಲಕ್ಕೆ ಸರಿಯಾಗಿ ಕಳೆ, ಹುಳ ಕಂಡ ದಿನವೇ ಔಷಧಿ. ನಮ್ಮ ಹಳ್ಳಿ ಹೊಲಕ್ಕೆ ಕೂಲಿ ಸಿಕ್ಕ ದಿನ ಕಳೆ, ದುಡ್ಡು ಸಿಕ್ಕ ದಿನ ಗೊಬ್ಬರ.

ಹೋಗಲಿ, ಅದಾದರೂ ಸರಿ ಅನ್ನೋಣ. ನಿಜವಾದ ಕಷ್ಟ ಬೇರೆ. ಹಳೆಯ ಹವಾಮಾನದಲ್ಲಿ ಸರಿಯುತ್ತರ ಕೊಟ್ಟ ಮಾಡೆಲ್ ಹೊಸ ಹವಾಮಾನದಲ್ಲೂ ಸರಿಯುತ್ತರ ಕೊಡುತ್ತೆ ಅನ್ನೋದಕ್ಕೆ ಗ್ಯಾರಂಟಿ ಎಲ್ಲಿದೆ? ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಒಂದು ಸರಿಯುತ್ತರ ಬರಬಹುದು. ಎಲೆ ಜಾಸ್ತಿ ಬೆಳೆಸಿ, ಕಾಳಿಗೆ ಕಡಿಮೆ ಕಳಿಸಿದರೆ ಕೊನೆಗೆ ಇಳುವರಿ ಸರಿಯಾಗೇ ಇರುತ್ತೆ. ಉಷ್ಣಾಂಶ ಏರಿದಾಗ ಆ ಎರಡು ತಪ್ಪು ಬೇರೆ ಬೇರೆ ದಿಕ್ಕಿಗೆ ಓಡುತ್ತವೆ. ಯೂನಿಟ್ ಟೆಸ್ಟ್ ಬರೆಯದೆ ಕೊನೆಯ ಔಟ್‌ಪುಟ್ ಮಾತ್ರ ನೋಡಿ ಓಕೆ ಅಂದವರಿಗೆ ಈ ಅನುಭವ ಇರುತ್ತೆ.

ಇದು ನನ್ನ ಊಹೆಯಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 2010ರಲ್ಲಿ ಆಗ್‌ಮಿಪ್ ಅನ್ನೋ ಅಂತರರಾಷ್ಟ್ರೀಯ ಯೋಜನೆ ಶುರುವಾಯಿತು. ಲೋಕದ ಬೆಳೆ ಮಾಡೆಲ್‌ಗಳನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಿ ಒಂದೇ ಪ್ರಶ್ನೆಪತ್ರಿಕೆ ಕೊಡೋದು ಅದರ ಕೆಲಸ. 2013ರಲ್ಲಿ ಪ್ರಕಟವಾದ ಗೋಧಿಯ ಪರೀಕ್ಷೆಯಲ್ಲಿ 27 ಮಾಡೆಲ್‌ಗಳು ಕೂತಿದ್ದವು. ಹೊಲಗಳು ನಾಲ್ಕು: ನೆದರ್‌ಲ್ಯಾಂಡ್ಸ್, ಅರ್ಜೆಂಟೀನಾ, ಆಸ್ಟ್ರೇಲಿಯಾ ಮತ್ತು ನಮ್ಮ ದೆಹಲಿ. ಮೊದಲ ಸುತ್ತಿನಲ್ಲಿ ಇಳುವರಿ ಎಷ್ಟು ಬಂತು ಅಂತ ಹೇಳಲಿಲ್ಲ. ಎರಡನೇ ಸುತ್ತಿನಲ್ಲಿ ಹೊಲದ ಪೂರ್ತಿ ಮಾಹಿತಿ ಕೊಟ್ಟರು. ಮಾಹಿತಿ ಸಾಕಷ್ಟು ಸಿಕ್ಕಮೇಲೆ ಬಹಳಷ್ಟು ಮಾಡೆಲ್‌ಗಳು ಬಂದ ಇಳುವರಿಯನ್ನ ಚೆನ್ನಾಗೇ ಹೇಳಿದವು. ಆಮೇಲೆ ಅವೇ ಮಾಡೆಲ್‌ಗಳಿಗೆ, ಉಷ್ಣಾಂಶ ಏರಿಸಿ, ಇಂಗಾಲದ ಡೈಆಕ್ಸೈಡ್ ಏರಿಸಿ, ಈಗ ಹೇಳಿ ಅಂದರು. ಉತ್ತರಗಳು ಚೆಲ್ಲಾಪಿಲ್ಲಿ. ಹಳೇ ಪರೀಕ್ಷೇಲಿ ಪಾಸಾದವರೆಲ್ಲ ಹೊಸ ಪರೀಕ್ಷೇಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಹವಾಮಾನದ ಮಾಡೆಲ್‌ಗಳ ನಡುವಿನ ಭಿನ್ನಾಭಿಪ್ರಾಯಕ್ಕಿಂತ ಬೆಳೆ ಮಾಡೆಲ್‌ಗಳ ನಡುವಿನ ಭಿನ್ನಾಭಿಪ್ರಾಯವೇ ದೊಡ್ಡದು ಅಂತ ಗೊತ್ತಾಯಿತು. ಬಿಸಿ ಹೆಚ್ಚಾದಷ್ಟೂ ಅದು ಇನ್ನೂ ದೊಡ್ಡದಾಯಿತು.

ಮಳೆ ಎಷ್ಟು ಬರುತ್ತೆ ಅನ್ನೋದೇ ಅನುಮಾನ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಮಳೆ, ಬಿಸಿಲು ಎರಡನ್ನೂ ನಿಖರವಾಗಿ ಕೈಗೆ ಕೊಟ್ಟರೂ ಗಿಡ ಏನು ಮಾಡುತ್ತೆ ಅಂತ ಮಾಡೆಲ್‌ಗಳು ಒಮ್ಮತಕ್ಕೆ ಬರಲ್ಲ.

2015ರಲ್ಲಿ ಇನ್ನೊಂದು ಪರೀಕ್ಷೆ ಬಂತು. ಅಮೆರಿಕದ ಅರಿಜೋನಾ ಮರಳುಗಾಡಿನ ಮಾರಿಕೋಪಾದಲ್ಲಿ ಗೋಧಿಯನ್ನ ವರ್ಷದ ಬೇರೆ ಬೇರೆ ತಿಂಗಳಲ್ಲಿ ಬಿತ್ತಿ, ಕೆಲವು ಪ್ಲಾಟ್‌ಗಳ ಮೇಲೆ ಹೀಟರ್ ನೇತುಹಾಕಿ ಬೆಳೆಸಿದ್ದರು. ಹಂಗಾಮಿನ ಸರಾಸರಿ ಉಷ್ಣಾಂಶ 15ರಿಂದ 32 ಡಿಗ್ರಿ ತನಕ. 30 ಮಾಡೆಲ್‌ಗಳನ್ನ ಇದರ ಮೇಲೆ ಪರೀಕ್ಷಿಸಿದರು. ಬಹಳಷ್ಟು ಮಾಡೆಲ್‌ಗಳು ತಂಪಿನಲ್ಲಿ ಚೆನ್ನಾಗಿದ್ದವು, ಬಿಸಿ ಏರಿದಂತೆ ನಿಖರತೆ ಕಳಕೊಂಡವು. ಒಂದು ಒಳ್ಳೆಯ ಸುದ್ದಿಯೂ ಇತ್ತು. ಎಲ್ಲಾ ಮಾಡೆಲ್‌ಗಳ ಉತ್ತರವನ್ನ ಸಾಲಾಗಿಟ್ಟು ಮಧ್ಯದ್ದನ್ನ ತಗೊಂಡರೆ, ಅದು ಯಾವುದೇ ಒಂಟಿ ಮಾಡೆಲ್‌ಗಿಂತ ಹೆಚ್ಚು ಭರವಸೆಯದ್ದು. ಆ ಮಧ್ಯದ ಉತ್ತರದ ಪ್ರಕಾರ, ಉಷ್ಣಾಂಶ ಒಂದು ಡಿಗ್ರಿ ಏರಿದರೆ ಲೋಕದ ಗೋಧಿ ಉತ್ಪಾದನೆ ಸುಮಾರು ಶೇ. 6ರಷ್ಟು ಇಳಿಯುತ್ತೆ. ಹೀಗೆ ಪರೀಕ್ಷೆಗೆ ಕೂತು ಗಳಿಸಿದ ಸಂಖ್ಯೆಗೆ ನಾನು ತಲೆಬಾಗ್ತೀನಿ.

ಉತ್ತರ ಭಾರತದ ಗೋಧಿಯ ಕಥೆ ನಮಗೆ ಇನ್ನೂ ಹತ್ತಿರದ್ದು. 2012ರಲ್ಲಿ ಡೇವಿಡ್ ಲೋಬೆಲ್ ಮತ್ತು ಸಂಗಡಿಗರು ಗಂಗಾ ಬಯಲಿನ ಗೋಧಿ ಹೊಲಗಳ ಒಂಬತ್ತು ವರ್ಷದ ಉಪಗ್ರಹ ಚಿತ್ರಗಳನ್ನ ನೋಡಿ, 34 ಡಿಗ್ರಿ ದಾಟಿದ ದಿನಗಳಲ್ಲಿ ಪೈರು ಎಷ್ಟು ಬೇಗ ಹಣ್ಣಾಗುತ್ತೆ ಅಂತ ಅಳೆದರು. ಹೊಲದಲ್ಲಿ ಆಗಿದ್ದಕ್ಕೂ ಮಾಡೆಲ್ ಹೇಳಿದ್ದಕ್ಕೂ ತಾಳೆ ಇರಲಿಲ್ಲ. ಎರಡು ಡಿಗ್ರಿ ಏರಿಕೆಯ ನಷ್ಟವನ್ನ ಮಾಡೆಲ್‌ಗಳು ಕೆಲವು ಬಿತ್ತನೆ ದಿನಾಂಕಗಳಿಗೆ ಶೇ. 50ರಷ್ಟು ಕಡಿಮೆ ಅಂದಾಜು ಮಾಡುತ್ತಿರಬಹುದು ಅಂತ ಅವರು ಬರೆದರು. ಹತ್ತು ವರ್ಷ ಬಿಟ್ಟು, 2022ರ ಮಾರ್ಚ್ ಬಂತು. 1901ರಿಂದ ಇರುವ ದಾಖಲೆಯಲ್ಲೇ ದೇಶದ ಅತಿ ಬಿಸಿ ಮಾರ್ಚ್. ಕಾಳು ಕಟ್ಟುವ ಹೊತ್ತಿಗೆ ಗೋಧಿ ಒಣಗಿತು, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು.

ಇಂಗಾಲದ ಡೈಆಕ್ಸೈಡ್ ಗಿಡಕ್ಕೆ ಊಟ, ಹಾಗಾಗಿ ಅದು ಜಾಸ್ತಿ ಆದರೆ ಬೆಳೆ ಚೆನ್ನಾಗಾಗುತ್ತೆ ಅನ್ನೋ ವಾದ ವಾಟ್ಸಾಪ್‌ನಲ್ಲಿ ನೀವೂ ಓದಿರ್ತೀರಿ. ಭತ್ತ, ಗೋಧಿ, ಕಡಲೆಕಾಯಿಯಂಥವಕ್ಕೆ ಸ್ವಲ್ಪ ನಿಜ. ರಾಗಿ, ಜೋಳ, ಕಬ್ಬಿನಂಥವಕ್ಕೆ ಲಾಭ ತೀರಾ ಕಡಿಮೆ. ಎಷ್ಟು ಲಾಭ ಅನ್ನೋದು ಬಹುಮಟ್ಟಿಗೆ ಗಾಜಿನ ಮನೆ, ಮುಚ್ಚಿದ ಕೋಣೆಗಳ ಪ್ರಯೋಗದಿಂದ ಬಂದದ್ದು. ಬಯಲು ಹೊಲದಲ್ಲಿ ಪೈಪಿನ ಉಂಗುರ ಕಟ್ಟಿ ಅನಿಲ ಬಿಟ್ಟು ನೋಡಿದಾಗ ಲಾಭ ಸುಮಾರು ಅರ್ಧಕ್ಕೆ ಇಳಿಯಿತು ಅಂತ 2006ರಲ್ಲಿ ಸ್ಟೀಫನ್ ಲಾಂಗ್ ಮತ್ತಿತರರು ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅದರ ಮೇಲೆ ದೊಡ್ಡ ಜಗಳವೇ ಆಯಿತು. ಆಗಲಿ, ಜಗಳ ಆದದ್ದು ಒಳ್ಳೇದೇ. ಹೊಲದಲ್ಲಿ ಅಳೆದು ತಂದ ಅಂಕಿ ಇಟ್ಟುಕೊಂಡು ಜಗಳ ಆಡೋದಕ್ಕೇ ವಿಜ್ಞಾನ ಅನ್ನೋದು.

2021ರಲ್ಲಿ ನೇಚರ್ ಫುಡ್‌ನಲ್ಲಿ ಬಂದ ಲೆಕ್ಕ ನೋಡಿ. ಹೊಸ ಹವಾಮಾನ ಮಾಡೆಲ್, ಹೊಸ ಬೆಳೆ ಮಾಡೆಲ್ ಸೇರಿಸಿ ಮತ್ತೆ ಓಡಿಸಿದರು. ಹೊಗೆ ಹೀಗೇ ಏರುತ್ತಾ ಹೋದರೆ ಶತಮಾನದ ಕೊನೆಗೆ ಲೋಕದ ಮೆಕ್ಕೆಜೋಳದ ಇಳುವರಿ ಏನಾಗುತ್ತೆ? ಹಿಂದಿನ ತಲೆಮಾರಿನ ಉತ್ತರ: ಶೇ. 1 ಏರಿಕೆ. ಹೊಸ ಉತ್ತರ: ಶೇ. 24 ಇಳಿಕೆ. ಗೋಧಿಯದು ಉಲ್ಟಾ, ಶೇ. 9 ಏರಿಕೆ ಇದ್ದದ್ದು ಶೇ. 18 ಏರಿಕೆ ಆಯಿತು. ಇದನ್ನ ನೋಡಿ "ವಿಜ್ಞಾನಿಗಳಿಗೇ ಗೊತ್ತಿಲ್ಲ" ಅಂತ ನಗುವವರ ಜೊತೆ ನಾನಿಲ್ಲ. ಹೊಸ ವರ್ಷನ್ ಬಂದಾಗ ಏನೇನು ಬದಲಾಯಿತು ಅಂತ ಊರಿಗೆಲ್ಲ ಹೇಳಿದ್ದಾರೆ, ಅಷ್ಟು ಪ್ರಾಮಾಣಿಕತೆ ನಮ್ಮ ಉದ್ಯಮದಲ್ಲಿ ಎಷ್ಟು ಜನಕ್ಕಿದೆ? ನನ್ನ ಸಿಟ್ಟು ಬೇರೆ ಕಡೆಗೆ. ಹಳೇ ವರ್ಷನ್‌ನ ಸಂಖ್ಯೆಯನ್ನ ದಶಮಾಂಶದ ಚುಕ್ಕಿಯ ಸಮೇತ ತಾಲ್ಲೂಕು ಮಟ್ಟಕ್ಕೆ ಇಳಿಸಿ ಮಾರಿದವರು, ಹೊಸದು ಬಂದಾಗ ಯಾರಿಗೆ ಫೋನ್ ಮಾಡಿ ಹೇಳಿದರು?

ನಮ್ಮ ಕಡೆಯೇ ಈ ಕೆಲಸವನ್ನ ಸರಿಯಾಗಿ ಮಾಡಿದವರಿದ್ದಾರೆ. ನಾನು ಬೆಳೆದದ್ದು ಪಾವಗಡ ಸೀಮೆಯ ಒಂದು ಹಳ್ಳಿಯಲ್ಲಿ. ಈಗ ಸೋಲಾರ್ ಪಾರ್ಕಿನಿಂದ ಹೆಸರಾದ ಊರು, ನಮಗೆ ಅದು ಕಡಲೆಕಾಯಿ ಸೀಮೆ. ಪಕ್ಕದ ಅನಂತಪುರದಂತೆ ಕೆಂಪು ಮಣ್ಣು, ಮಳೆ ನಂಬಿದ ಬೇಸಾಯ. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಸಂಗಡಿಗರು ಈ ಸೀಮೆಯ ಕಡಲೆಕಾಯಿಯ ಮೇಲೆ ಕೆಲಸ ಮಾಡಿದರು. ಅವರ ಕೈಲಿ ಪಿನಟ್‌ಗ್ರೋ ಅನ್ನೋ ಅಮೆರಿಕದ ಮಾಡೆಲ್ ಇತ್ತು. ಅದಕ್ಕೆ ದಶಕಗಳ ಮಳೆ ದಾಖಲೆ ಹಾಕಿ, ಯಾವಾಗ ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆ ಅಂತ ಲೆಕ್ಕ ಮಾಡಿದರು. ಅಷ್ಟಕ್ಕೇ ನಿಲ್ಲಲಿಲ್ಲ, ರೈತರ ಜೊತೆ ಕೂತು ಮಾತಾಡಿದರು. ಮಾಡೆಲ್ ಒಳಗೆ ಹುಳ, ರೋಗ ಇರಲಿಲ್ಲ. ರೈತರ ಹೊಲದಲ್ಲಿ ಅವೇ ಮುಖ್ಯ. ಒಣ ಹವೆ ಹಿಡಿದರೆ ಸುರುಳಿ ಪೂಚಿ ಬೀಳುತ್ತೆ, ಜೋರು ಮಳೆ ಬಂದರೆ ಅದು ತೊಳೆದುಹೋಗುತ್ತೆ, ತೇವ ಹಿಡಿದುಕೊಂಡರೆ ಎಲೆಚುಕ್ಕೆ ಬರುತ್ತೆ. ಈ ತಿಳಿವಳಿಕೆಯನ್ನೂ ಸರಳ ಲೆಕ್ಕಗಳಾಗಿ ಮಾಡಿ ಸೇರಿಸಿದರು. 1995ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಕಡಲೆಕಾಯಿ ರೈತರಿಗೆ ಕೊಡುವ ಮಳೆ ಮುನ್ಸೂಚನೆ ಎಷ್ಟು ಚೆನ್ನಾಗಿದ್ದರೆ ಸಾಕು? ಇಂದಿನ ಸ್ಟಾರ್ಟಪ್‌ಗಳು ಈ ಒಂದು ಪ್ರಶ್ನೆಯನ್ನ ಗೋಡೆಗೆ ಅಂಟಿಸಿಕೊಂಡರೆ ಸಾಕು ಅನ್ನಿಸುತ್ತೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಮ್ಮಪ್ಪನಿಗೆ ಒಂದು ಆ್ಯಪ್ ತೋರಿಸಿದೆ. ಹೊಲದ ಮೂಲೆ ಮುಟ್ಟಿದರೆ ಇಷ್ಟು ಕ್ವಿಂಟಾಲ್ ಬರುತ್ತೆ ಅಂತ ಹೇಳೋದು. ಅವರು ಕನ್ನಡಕ ಏರಿಸಿ ನೋಡಿ, "ಹುಳಾನೂ ಲೆಕ್ಕ ಹಾಕ್ತೈತೇನಪ್ಪ ಇದು?" ಅಂದರು. ಇಲ್ಲ ಅಂದೆ. "ಕಾಡಂದೀನ?" ಅದೂ ಇಲ್ಲ. "ಮತ್ತೆ ಇದು ಯಾರ ಹೊಲದ ಕಡ್ಲೆಕಾಯಿ?" ಅಂತ ಫೋನ್ ವಾಪಸ್ ಕೊಟ್ಟರು. ನಾನು ಓದಿದ ಯಾವ ಪೀರ್ ರಿವ್ಯೂನಲ್ಲೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾದ ಪ್ರಶ್ನೆ ಇರಲಿಲ್ಲ.

ಸರಿ, ಇದರಿಂದ ಯಾರಿಗೆ ಏನು ನಷ್ಟ? ಇಷ್ಟು ದಿನ ಈ ಸಂಖ್ಯೆಗಳು ವರದಿಗಳಲ್ಲಿ ಮಲಗಿರುತ್ತಿದ್ದವು. ಈಗ ಅವು ದುಡ್ಡಿಗೆ ತಗುಲಿಕೊಂಡಿವೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟ ಪರಿಹಾರ ನಿರ್ಧಾರ ಆಗುತ್ತಿದ್ದದ್ದು ಬೆಳೆ ಕಟಾವು ಪ್ರಯೋಗದಿಂದ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಡೆ ಅಳತೆ ಜಾಗ ಗುರುತಿಸಿ, ಕೊಯ್ದು, ತೂಗಿ ನೋಡ್ತಾರೆ. 2023ರ ಮುಂಗಾರಿನಿಂದ ಯೆಸ್-ಟೆಕ್ ಅನ್ನೋ ವ್ಯವಸ್ಥೆ ಬಂತು. ಭತ್ತ, ಗೋಧಿಗೆ ತಂತ್ರಜ್ಞಾನದ ಮೂಲಕ ಅಂದಾಜಿಸಿದ ಇಳುವರಿಗೆ ಕನಿಷ್ಠ ಶೇ. 30 ತೂಕ. ಉಪಗ್ರಹ ಚಿತ್ರ, ಮೆಷಿನ್ ಲರ್ನಿಂಗ್ ಜೊತೆಗೆ ಬೆಳೆ ಸಿಮ್ಯುಲೇಶನ್ ಮಾಡೆಲ್ ಕೂಡ ಅದರ ದಾರಿಗಳಲ್ಲಿ ಒಂದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಪಂಚಾಯಿತಿಯಲ್ಲಿ ಭತ್ತಕ್ಕೆ ಖಾತರಿ ಇಳುವರಿ ಎಕರೆಗೆ 20 ಕ್ವಿಂಟಾಲ್, ವಿಮೆ ಮೊತ್ತ 40,000 ರೂಪಾಯಿ ಅಂತಿಟ್ಟುಕೊಳ್ಳಿ. ಕೊಯ್ದು ತೂಗಿದಾಗ ಬಂದದ್ದು 12. ಕೊರತೆ ಶೇ. 40, ಪರಿಹಾರ 16,000. ಈಗ ಮಾಡೆಲ್ 18 ಬಂದಿದೆ ಅಂತ ಹೇಳಿತು. 70:30ರಲ್ಲಿ ಸೇರಿಸಿದರೆ 13.8. ಕೊರತೆ ಶೇ. 31, ಪರಿಹಾರ 12,400. ಎಕರೆಗೆ 3,600 ರೂಪಾಯಿ ಹೋಯಿತು. ಮಾಡೆಲ್ ಕಡಿಮೆ ಹೇಳಿದ್ದರೆ ರೈತನಿಗೆ ಹೆಚ್ಚು ಬರುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ತಪ್ಪು ಎರಡೂ ಕಡೆ ಸಮನಾಗಿ ಬೀಳುವಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ವಿಮೆ ಬೇಕಾಗೋದು ಯಾವ ವರ್ಷ? ಬಿಸಿ ಮಿತಿಮೀರಿದ ವರ್ಷ, ಬರದ ವರ್ಷ, ನೀರು ನಿಂತ ವರ್ಷ. ಮಾಡೆಲ್‌ಗಳು ಎಡವೋದೂ ಅದೇ ವರ್ಷ. 2019ರಲ್ಲಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲಿ ಬಂದ ಅಧ್ಯಯನವೊಂದು ಯುರೋಪಿನ 2003ರ ಬಿಸಿಗಾಳಿ ಮತ್ತು ಬರವನ್ನ ಇಟ್ಟುಕೊಂಡು ಜಾಗತಿಕ ಮಾಡೆಲ್‌ಗಳನ್ನ ಪರೀಕ್ಷಿಸಿತು. ಕೃಷಿಯ ನಷ್ಟವನ್ನ ಅವು ನಿಜಕ್ಕಿಂತ ಕಡಿಮೆಯಾಗೇ ತೋರಿಸಿದವು. ಅಂದರೆ ತಪ್ಪಿಗೆ ಒಂದು ದಿಕ್ಕಿದೆ, ಆ ದಿಕ್ಕು ರೈತನ ಜೇಬಿಗೆ ವಿರುದ್ಧ.

ಬೆಳೆ ಕಟಾವು ಪ್ರಯೋಗ ಅಂದರೆ ಸತ್ಯಹರಿಶ್ಚಂದ್ರ ಅಂತ ನಾನು ಹೇಳ್ತಿಲ್ಲ. ತಡ ಆಗುತ್ತೆ, ಎಲ್ಲಿ ಕೊಯ್ಯಬೇಕು ಅನ್ನೋದರಲ್ಲೇ ಜಗಳ ಆಗುತ್ತೆ, ತೂಕ ಬರೆಯುವ ಪೆನ್ನಿನ ಮೇಲೆ ಎರಡೂ ಕಡೆಯ ಒತ್ತಡ ಇರುತ್ತೆ. ತಂತ್ರಜ್ಞಾನ ತಂದ ಉದ್ದೇಶ ಸರಿಯಾದದ್ದೇ. ಆದರೆ ಕುಂಟುವ ಎತ್ತಿನ ಪಕ್ಕ ಹೊಸ ಎತ್ತು ಕಟ್ಟುವಾಗ ಹಲ್ಲು ನೋಡಬೇಡವೇ?

"ಪರ್ಫೆಕ್ಟ್ ಮಾಡೆಲ್ ಅನ್ನೋದು ಇಲ್ಲ, ಕಾಯುತ್ತಾ ಕೂತರೆ ಆಗುತ್ತಾ?" ಇದು ಮೊದಲ ಆಕ್ಷೇಪ. ಕಾಯಿರಿ ಅಂತ ನಾನು ಎಲ್ಲಿ ಹೇಳಿದೆ? ಅಂಕಪಟ್ಟಿ ತೋರಿಸಿ ಅಂದೆ. 60 ಬಂದವನಿಗೂ ಕೆಲಸ ಸಿಗುತ್ತೆ, ಅಂಕಪಟ್ಟಿ ಬಚ್ಚಿಟ್ಟವನಿಗೆ ಸಿಗಬಾರದು.

ಎರಡನೆಯದು ಎಐ ಭಕ್ತರದು. ಈ ಸೂತ್ರ ಗೀತ್ರ ಎಲ್ಲ ಹಳೇ ಕಾಲದ್ದು, ಡೇಟಾ ಸುರಿದರೆ ನೆಟ್‌ವರ್ಕ್ ತಾನೇ ಕಲಿಯುತ್ತೆ ಅಂತ. ಏನನ್ನ ಕಲಿಯುತ್ತೆ ಸ್ವಾಮಿ? ಎರಡು ಡಿಗ್ರಿ ಹೆಚ್ಚು ಬಿಸಿಯ, ಇನ್ನಷ್ಟು ಇಂಗಾಲ ತುಂಬಿದ ಗಾಳಿಯ ಪಾವಗಡದ ಡೇಟಾ ಯಾರ ಸರ್ವರ್‌ನಲ್ಲಿದೆ? ಗಿಡದ ಒಳಗಿನ ಲೆಕ್ಕ ಗೊತ್ತಿರುವ ಮಾಡೆಲ್ಲೇ ಹೊಸ ಜಾಗದಲ್ಲಿ ಎಡವುತ್ತೆ ಅಂದಮೇಲೆ, ಗಿಡ ಅಂದರೇನು ಅಂತಲೇ ಗೊತ್ತಿಲ್ಲದ್ದು ಎಡವಲ್ಲ ಅಂತ ನಂಬೋಕೆ ಕಾರಣ ಬೇಕು.

ಮೂರನೆಯದು ನಮ್ಮಂಥ ಹಳ್ಳಿಯಿಂದ ಬಂದವರಿಗೆ ತುಂಬಾ ಇಷ್ಟದ ವಾದ. "ನಮ್ಮಜ್ಜಿಗೆ ಪುನರ್ವಸು ಮಳೆ, ಪುಷ್ಯ ಮಳೆ ಅಂತ ಎಲ್ಲಾ ಗೊತ್ತಿತ್ತು, ಇವರ ಕಂಪ್ಯೂಟರ್ ಯಾಕೆ?" ಅಜ್ಜಿಯ ಬಗ್ಗೆ ನನಗೂ ಅಷ್ಟೇ ಗೌರವ. ಆದರೆ ಮಳೆ ನಕ್ಷತ್ರದ ಲೆಕ್ಕವೂ ಒಂದು ಮಾಡೆಲ್ಲೇ. ತಲೆಮಾರುಗಳ ಹಳೇ ಹವಾಮಾನವನ್ನ ನೋಡಿ ಕಲಿತದ್ದು. ಬದಲಾದ ಹವಾಮಾನದ ಪರೀಕ್ಷೆ ಅದಕ್ಕೂ ಇನ್ನೂ ಆಗಿಲ್ಲ. ಅಜ್ಜಿ ಇದ್ದಿದ್ದರೆ ಅವಳೇ ಮೊದಲು ಹೇಳುತ್ತಿದ್ದಳು, ಮಳೆ ಮೊದಲಿನ ಹಂಗೆ ಇಲ್ಲ ಕಣೋ ಅಂತ.

ಹಾಗಾದರೆ ಏನು ಮಾಡಬೇಕು? ದೊಡ್ಡ ಬೇಡಿಕೆ ಏನೂ ಇಲ್ಲ.

ಒಂದು, ಪ್ರತಿ ಮುನ್ಸೂಚನೆಯ ಜೊತೆ ಪರೀಕ್ಷೆಯ ಚೀಟಿ ಇರಲಿ. ಯಾವ ಊರು, ಯಾವ ತಳಿ, ಯಾವ ವರ್ಷ, ಉತ್ತರ ಮೊದಲೇ ಗೊತ್ತಿತ್ತಾ, ಅತಿ ಕೆಟ್ಟ ವರ್ಷದಲ್ಲಿ ಎಷ್ಟು ತಪ್ಪಿತು. ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಎಷ್ಟು ಸಕ್ಕರೆ ಅಂತ ಬರೀತಾರಲ್ಲ, ಹಾಗೆ.

ಎರಡು, ಕೆಟ್ಟ ವರ್ಷವನ್ನ ಕಲಿಕೆಯಿಂದ ಎತ್ತಿಟ್ಟು ಪರೀಕ್ಷೆಗೆ ಉಳಿಸಿಕೊಳ್ಳಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತೆ? 2022ರ ತನಕದ ಡೇಟಾ ಮಾತ್ರ ತಿನ್ನಿಸಿ, 2023ನ್ನ ಹೇಳಿಸಿ ನೋಡಿ.

ಮೂರು, ದಡ್ಡ ಲೆಕ್ಕದ ಜೊತೆ ಸ್ಪರ್ಧೆಗೆ ಬಿಡಿ. ಕಳೆದ ಐದು ವರ್ಷದ ಸರಾಸರಿ ಅನ್ನೋದು ಎಕ್ಸೆಲ್‌ನಲ್ಲಿ ಒಂದು ಸೆಲ್. ನಿಮ್ಮ ಮಾಡೆಲ್ ಆ ಸೆಲ್‌ಗಿಂತ ಎಷ್ಟು ಉತ್ತಮ ಅಂತ ಹೇಳಿ. ಅದನ್ನ ಸೋಲಿಸದ ಮಾಡೆಲ್‌ಗೆ ಉಪಗ್ರಹದ ಚಿತ್ರ ಬರೀ ಅಲಂಕಾರ.

ನಾಲ್ಕು, ಒಂಟಿ ಮಾಡೆಲ್‌ನ ಒಂಟಿ ಸಂಖ್ಯೆ ಬೇಡ. ಮಾರಿಕೋಪಾದಲ್ಲಿ ಕಲಿತ ಪಾಠ ಅದು. ಹಲವು ಮಾಡೆಲ್ ಓಡಿಸಿ, ಇಲ್ಲಿಂದ ಇಲ್ಲಿಯ ತನಕ ಅಂತ ಹೇಳಿ. ರೈತನಿಗೆ ಅದು ಅರ್ಥ ಆಗಲ್ಲ ಅನ್ನೋದು ನಮ್ಮ ಅಹಂಕಾರ. "ಎಂಟರಿಂದ ಹನ್ನೆರಡು ಚೀಲ ಆಗಬೌದು" ಅಂತ ಅವನು ಹುಟ್ಟಿದಾಗಿಂದ ಹೇಳಿಕೊಂಡು ಬಂದಿದ್ದಾನೆ. ಚುಕ್ಕಿಯ ಹುಚ್ಚು ಇರೋದು ನಮಗೆ.

ಐದು, ಡೇಟಾ ಬಿಚ್ಚಿಡಿ. ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗದ ದಾಖಲೆ, ಹೆಸರು ತೆಗೆದ ಬೆಳೆ ಕಟಾವಿನ ಅಂಕಿ, ಇವೆಲ್ಲ ಸಾರ್ವಜನಿಕ ದುಡ್ಡಿನಲ್ಲಿ ಆದ ಅಳತೆಗಳು. ಮಾಡೆಲ್ ಕಟ್ಟಿದವರೇ ಪರೀಕ್ಷಕರಾದರೆ ಎಲ್ಲರೂ ಡಿಸ್ಟಿಂಕ್ಷನ್ನೇ. ಹೊರಗಿನವರು ಪರೀಕ್ಷೆ ಮಾಡುವಂತಾಗಬೇಕು. ಲೋಕದ ದೊಡ್ಡ ಪರೀಕ್ಷೆಗಳು ಗೋಧಿ, ಮೆಕ್ಕೆಜೋಳ, ಭತ್ತದಿಂದ ಶುರುವಾದವು. ರಾಗಿಯ, ತೊಗರಿಯ, ಹುರುಳಿಯ ಪ್ರಶ್ನೆಪತ್ರಿಕೆ ನಾವೇ ತೆಗೆಯಬೇಕು.

ಇದನ್ನೆಲ್ಲ ಯಾರು ಮಾಡಬೇಕು ಅಂದರೆ, ಒಂದು ಪಾಲು ನಾವೇ. ಈ ಪುಟ ಓದುತ್ತಿರುವ ಹಲವರಿಗೆ ಪೈಥಾನ್ ಬರುತ್ತೆ. ಡಿಎಸ್‌ಎಸ್‌ಎಟಿ, ಎಪ್ಸಿಮ್ ಎರಡರ ಕೋಡೂ ನೋಡೋಕೆ ಸಿಗುತ್ತೆ. ವಾರಾಂತ್ಯದಲ್ಲಿ ಷೇರು ಮಾರುಕಟ್ಟೆಯ ಬ್ಯಾಕ್‌ಟೆಸ್ಟ್ ಮಾಡಿ ಆಟ ಆಡುವವರು, ಒಂದು ಸಲ ನಿಮ್ಮ ಹೋಬಳಿಯ ಬೆಳೆಯ ಬ್ಯಾಕ್‌ಟೆಸ್ಟ್ ಮಾಡಿ ನೋಡಿ. ಇನ್ನು ಅಗ್ರಿ-ಟೆಕ್ ಕಂಪನಿಗಳಲ್ಲೇ ಕೆಲಸ ಮಾಡುವವರಿಗೆ ಒಂದು ಮಾತು. ಮುಂದಿನ ರಿಲೀಸ್ ಮೀಟಿಂಗ್‌ನಲ್ಲಿ "2023ರಲ್ಲಿ ಇದು ಎಷ್ಟು ತಪ್ಪಿತು?" ಅಂತ ಕೇಳಿ. ಕೋಣೆ ಒಂದು ನಿಮಿಷ ಮೌನವಾದರೆ ಗಾಬರಿಯಾಗಬೇಡಿ, ಉತ್ತರ ಬರೋ ತನಕ ಕೂತಿರಿ.

ನಮ್ಮ ಸಾಫ್ಟ್‌ವೇರ್ ಕೆಟ್ಟರೆ ಯೂಸರ್ ಒಂದು ಸ್ಟಾರ್ ಕೊಟ್ಟು, ನಾಲ್ಕು ಬೈದು, ಬೇರೆ ಆ್ಯಪ್ ಹಾಕಿಕೊಳ್ತಾನೆ. ಬಿತ್ತಿದ ಮೇಲೆ ಹೊಲಕ್ಕೆ ರೋಲ್‌ಬ್ಯಾಕ್ ಇಲ್ಲ. ವರ್ಷಕ್ಕೆ ಒಂದೇ ಮುಂಗಾರು.